ದುಬೈಗೆ ಹೋಗು, ಮೊದಲು ವಾಶಿಗೆ ಬಾ

ನಮಸ್ಕಾರ. ಹೋದ ಭಾನುವಾರ ಅಕ್ಕನ ಮಗಳು ಮುಂಬೈನ ಮಾಟುಂಗಾದ ನಮ್ಮ ಮನೆಗೆ ಬಂದಿದ್ದಳು. ಎಂಬಿಎ ಮೊದಲ ವರ್ಷ ಓದುತ್ತಿದ್ದಾಳೆ. ಕೈಯಲ್ಲಿ ಒಂದು ಹಾಳೆ ಇತ್ತು. "ಮಾಮ, ಕಾಲೇಜಿಂದ ದುಬೈಗೆ ಸ್ಟಡಿ ಟೂರ್. ಇಂಟರ್‌ನ್ಯಾಷನಲ್ ಬಿಸಿನೆಸ್ ಕಲಿಯೋಕೆ. ಆರು ದಿನ, 1,40,000 ರೂಪಾಯಿ. ಅಪ್ಪನನ್ನ ನೀವೇ ಒಪ್ಪಿಸಬೇಕು" ಅಂದಳು.

ಭಾವ ಕುರ್ಲಾದಲ್ಲಿ ಸಣ್ಣ ಹೋಟೆಲ್ ನಡೆಸುತ್ತಾರೆ. ಬೆಳಿಗ್ಗೆ ನಾಲ್ಕೂವರೆಗೆ ಇಡ್ಲಿ ಹಬೆಗೆ ಇಡುವ ಮನುಷ್ಯ. ಆ ದುಡ್ಡು ಹೇಗೆ ಕೂಡುತ್ತದೆ ಅಂತ ನನಗೆ ಗೊತ್ತು. ಅದಕ್ಕೇ ಹಾಳೆಯನ್ನು ಎರಡು ಸಲ ಓದಿದೆ.

ಬುರ್ಜ್ ಖಲೀಫಾ ಇತ್ತು. ಮರಳುಗಾಡಿನ ಸಫಾರಿ ಇತ್ತು. ಎರಡು ಮಾಲ್, ಅಬುಧಾಬಿಗೆ ಪೂರ್ತಿ ಒಂದು ದಿನ. ಕಲಿಯುವುದಕ್ಕೆ ಅಂತ ಇದ್ದದ್ದು ಹೋಟೆಲ್ ಹಾಲ್‌ನಲ್ಲಿ ಒಂದು ಭಾಷಣ, ಒಂದೂವರೆ ಗಂಟೆಯ ಒಂದು ಕಂಪನಿ ಭೇಟಿ. ಇಷ್ಟೇ. ನನಗೆ ಸಂಕಟವಾಯಿತು. ಆದರೂ ಹೋಗಬೇಡ ಅಂತ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಅನ್ನೋದೇ ಇವತ್ತಿನ ಮಾತು.

ನಾನು ಇಪ್ಪತ್ತು ವರ್ಷದಿಂದ ಕ್ಲಿಯರಿಂಗ್ ಏಜೆಂಟ್ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಹಡಗಿನ ಮಾಲು ನ್ಹಾವಾ ಶೇವಾ ಬಂದರಿನಿಂದ ಹೋಗುತ್ತದೆ, ವಿಮಾನದ ಮಾಲು ಸಹಾರ್ ವಿಮಾನ ನಿಲ್ದಾಣದಿಂದ. ನಾವು ಕಾಗದ ನೋಡಿಕೊಳ್ಳುವವರು. ಇನ್ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಕಸ್ಟಮ್ಸ್‌ಗೆ ಕೊಡುವ ಶಿಪ್ಪಿಂಗ್ ಬಿಲ್, ಮಾಲು ಪಡೆದದ್ದಕ್ಕೆ ಹಡಗಿನವರು ಕೊಡುವ ಬಿಲ್ ಆಫ್ ಲೇಡಿಂಗ್. ಹಣ್ಣು ತರಕಾರಿಯಾದರೆ ಫೈಟೋ ಬೇಕು. ಅಂದರೆ ಈ ಮಾಲಿನಲ್ಲಿ ಹುಳ ಇಲ್ಲ, ರೋಗ ಇಲ್ಲ ಅಂತ ನಮ್ಮ ಸರ್ಕಾರ ಕೊಡುವ ಪತ್ರ.

2014ರ ಮೇ 1 ನನಗೆ ಇನ್ನೂ ನೆನಪಿದೆ. ಅವತ್ತಿನಿಂದ ಯುರೋಪಿಯನ್ ಒಕ್ಕೂಟ ನಮ್ಮ ಮಾವಿನಹಣ್ಣನ್ನು ನಿಲ್ಲಿಸಿತು. ಜೊತೆಗೆ ಬದನೆ, ಹಾಗಲ, ಪಡವಲ, ಕೆಸುವನ್ನೂ ನಿಲ್ಲಿಸಿತು. ಹಿಂದೆ ಕಳಿಸಿದ ಮಾಲಿನಲ್ಲಿ ಹಣ್ಣಿನ ನೊಣ ಸಿಕ್ಕಿತ್ತು. ಸೀಸನ್ ನಡುವೆ ಹೀಗಾದರೆ ಹೇಗೆ? ರತ್ನಾಗಿರಿ, ದೇವಗಡದಿಂದ ಹಾಪುಸ್ ಮಾವಿನ ಪೆಟಿಗಳು ಬರುತ್ತಲೇ ಇದ್ದವು. ನಮ್ಮ ಆಫೀಸಿನಲ್ಲಿ ಎಲ್ಲರೂ ಯುರೋಪಿನವರನ್ನು ಬೈದೆವು. ನಾನೂ ಬೈದೆ. ಒಂದು ನೊಣಕ್ಕೆ ಇಷ್ಟೊಂದು ಹಟವಾ ಅಂತ ಕೂಗಾಡಿದೆ.

ಎರಡು ವರ್ಷದ ನಂತರ, 2016ರಲ್ಲಿ, ನಾನು ಓದುತ್ತಿದ್ದ ಸಂಜೆ ಕಾಲೇಜಿನ ತರಗತಿಯ ಜೊತೆ ನೆದರ್‌ಲ್ಯಾಂಡ್ಸ್‌ಗೆ ಹೋದೆ. ಸಾಲ ಮಾಡಿ ಹೋಗಿದ್ದೆ. ರಾಟರ್‌ಡ್ಯಾಮ್ ಬಂದರು ತೋರಿಸಿದರು. ಉದ್ದವೇ 40 ಕಿಲೋಮೀಟರ್. ಮುಂಬೈನ ಸಿಎಸ್‌ಎಂಟಿ ಸ್ಟೇಷನ್ನಿನಿಂದ ಮುಂಬ್ರಾ ತನಕ ಬರೀ ಬಂದರು ಅಂದುಕೊಳ್ಳಿ. ಬಸ್ಸಿನ ಕಿಟಕಿಯಿಂದ ನೋಡಿದೆವು, ಬೆರಗಾದೆವು, ಅಷ್ಟೇ.

ನನ್ನನ್ನು ಬದಲಾಯಿಸಿದ್ದು ಆಲ್ಸ್‌ಮೀರ್. ಆಮ್‌ಸ್ಟರ್‌ಡ್ಯಾಮ್ ಪಕ್ಕದ ಊರು. ಅಲ್ಲಿ ಹೂವಿನ ಹರಾಜು ನಡೆಯುತ್ತದೆ. ಬೆಳಗಿನ ಜಾವವೇ ಹೋದೆವು. ಎತ್ತರದ ಓಣಿಯಲ್ಲಿ ನಿಂತು ಕೆಳಗೆ ನೋಡಿದರೆ ಕಣ್ಣು ಹಾಯುವವರೆಗೂ ಹೂವಿನ ಗಾಡಿಗಳು. ನೆದರ್‌ಲ್ಯಾಂಡ್ಸ್‌ನದು ಮಾತ್ರ ಅಂದುಕೊಳ್ಳಬೇಡಿ, ಕೀನ್ಯಾ, ಇಥಿಯೋಪಿಯಾದ ಗುಲಾಬಿಯೂ ಅಲ್ಲಿಗೇ ಬರುತ್ತದೆ. ಗೋಡೆಯ ಮೇಲೆ ದೊಡ್ಡ ಗಡಿಯಾರ ಇತ್ತು. ದರ ಮೇಲಿನಿಂದ ಶುರುವಾಗಿ ಸರಸರ ಇಳಿಯುತ್ತದೆ. ಮೊದಲು ಗುಂಡಿ ಒತ್ತಿದವನಿಗೆ ಮಾಲು. ಇನ್ನೂ ಸ್ವಲ್ಪ ಇಳಿಯಲಿ ಅಂತ ಕಾದರೆ ಬೇರೆಯವನು ಒತ್ತಿಬಿಡುತ್ತಾನೆ. ಒಂದೊಂದು ವ್ಯಾಪಾರ ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ. ಹೂವು ಬಾಡುವ ಮಾಲು ಅಲ್ವಾ, ಅದಕ್ಕೆ ಆ ವೇಗ ಬೇಕು.

ಆಗ ನನಗೆ ನೆನಪಾದದ್ದು ನವಿ ಮುಂಬೈಯ ನಮ್ಮ ವಾಶಿ ಸಗಟು ಮಾರ್ಕೆಟ್. ಅಲ್ಲಿ ಮಾವಿನ ದಲಾಲಿಗಳು ರುಮಾಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ದರ ಹೇಳುವ ಹಳೆ ರೂಢಿ ಇದೆ. ದರ ಗೊತ್ತಾಗುವುದು ಆ ಎರಡು ಕೈಗಳಿಗೆ ಮಾತ್ರ. ದೂರದ ದೇವಗಡದಲ್ಲಿ ಕೂತ ರೈತನಿಗೆ ಆಮೇಲೆ ಚೀಟಿ ಬರುತ್ತದೆ. ಆಲ್ಸ್‌ಮೀರ್‌ನಲ್ಲಿ ದರ ಎಲ್ಲರ ಕಣ್ಣ ಮುಂದೆ ಇಳಿಯುತ್ತದೆ. ಆ ಸಂಸ್ಥೆಯೇ ಬೆಳೆಗಾರರ ಸಹಕಾರ ಸಂಘ. ಅಡಿಕೆ ಬೆಳೆಗಾರರಿಗಾಗಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಕಟ್ಟಿದವರ ಊರಿನವನು ನಾನು. ಸಹಕಾರ ಅಂದರೆ ಏನು ಅಂತ ನನಗೆ ಯಾರೂ ಪಾಠ ಮಾಡಬೇಕಿರಲಿಲ್ಲ. ಆದರೆ ಮಾಲು ಬೆಳೆದವನೇ ಹರಾಜಿನ ಮನೆಯ ಒಡೆಯನೂ ಆದರೆ ಏನಾಗುತ್ತದೆ ಅನ್ನೋದನ್ನು ಅಲ್ಲಿ ಕಣ್ಣಾರೆ ಕಂಡೆ.

ನಮ್ಮ ಮೇಷ್ಟ್ರಿಗೆ ಅಲ್ಲಿ ಪರಿಚಯದವರಿದ್ದರು. ಅವರು ತಪಾಸಣೆ ನಡೆಯುವ ಮೇಜಿನ ಹತ್ತಿರ ಕರೆದುಕೊಂಡು ಹೋದರು. ಒಬ್ಬ ಹೆಂಗಸು ಹೂವಿನ ಕಟ್ಟು ತೆಗೆದುಕೊಂಡು ಬಿಳಿ ಹಾಳೆಯ ಮೇಲೆ ಬಡಿದರು. ಕಟ್ಟು ಪಕ್ಕಕ್ಕಿಟ್ಟು, ಬಗ್ಗಿ, ಭೂತಗನ್ನಡಿಯಲ್ಲಿ ಹಾಳೆಯನ್ನು ನೋಡಿದರು. ಏನೋ ಅಲ್ಲಾಡುತ್ತಿದೆಯಾ ಅಂತ. ಮತ್ತೆ ಇನ್ನೊಂದು ಕಟ್ಟು. ಮಾತಿಲ್ಲ, ಸಿಟ್ಟಿಲ್ಲ. ಹೂವು ಯಾವ ದೇಶದ್ದು ಅಂತ ಮುಖ ನೋಡುವುದೂ ಇಲ್ಲ. ಅದರ ಪಕ್ಕದಲ್ಲೇ ಫೈಟೋ ಪತ್ರಗಳ ಕಟ್ಟು ಇತ್ತು. ನಾನು ಮುಂಬೈನಲ್ಲಿ ದಿನಾ ಫೈಲಿಗೆ ಸೇರಿಸುವಂಥದ್ದೇ ಕಾಗದ.

ಆ ಕಾಗದ ಕೊನೆಗೆ ಯಾರ ಕೈ ಸೇರುತ್ತದೆ ಅಂತ ಅವತ್ತು ಮೊದಲ ಸಲ ನೋಡಿದೆ. ಆ ಹೆಂಗಸಿನ ಹಿಂದೆ ಗಾಜಿನ ಮನೆಯಲ್ಲಿ ಹೂ ಬೆಳೆಯುವ ಸಾವಿರಾರು ಜನ ಇದ್ದಾರೆ. ಒಂದು ಹೊಸ ಹುಳ ಒಳಗೆ ಬಂದರೆ ಅವರ ಬೆಳೆ ಹೋಗುತ್ತದೆ. ಹಾಪುಸ್‌ಗೆ ಬಾಗಿಲು ಮುಚ್ಚಿದಾಗ ನಾನು ಬೈದದ್ದು ಈ ಭಯ ಗೊತ್ತಿಲ್ಲದೆ. ಮಾವಿನ ಮೇಲಿನ ನಿಷೇಧ 2015ರ ಆರಂಭದಲ್ಲಿ ಹೋಯಿತು. ಅದಕ್ಕೆ ನಮ್ಮ ಕಡೆಯೂ ತಪಾಸಣೆ ಬಿಗಿಯಾಗಬೇಕಾಯಿತು.

ಇದನ್ನು ಮುಂಬೈನಲ್ಲಿ ಕೂತು ಪುಸ್ತಕದಲ್ಲಿ ಓದಿದ್ದರೆ ಒಂದು ಸಾಲು, ಪರೀಕ್ಷೆಯಲ್ಲಿ ಎರಡು ಅಂಕ. ಅದಕ್ಕೇ ಅವಳಿಗೆ ಹೋಗು ಅಂದೆ. ಆದರೆ ಇನ್ನೊಂದು ಮಾತು. ಆ ಮೇಜಿನ ಮುಂದೆ ನಮ್ಮ ತರಗತಿಯ ಇಪ್ಪತ್ತೆಂಟು ಜನ ನಿಂತಿದ್ದೆವು. ಹೆಚ್ಚಿನವರು ಫೋಟೋ ತೆಗೆದುಕೊಂಡು ಮುಂದೆ ಹೋದರು. ಅವರು ದಡ್ಡರಲ್ಲ. ಮಾಲು, ಕಾಗದ ಹೊರಡುವ ನಮ್ಮ ಮುಂಬೈ ತುದಿಯನ್ನು ಯಾರೂ ಅವರಿಗೆ ತೋರಿಸಿರಲಿಲ್ಲ. ಫೈಟೋ ಅಂದರೇನು ಅಂತಲೇ ಗೊತ್ತಿಲ್ಲದವರಿಗೆ ಆ ಬಿಳಿ ಹಾಳೆಯಲ್ಲಿ ಏನು ಕಾಣಬೇಕು?

ಕಾಲೇಜಿನವರಿಗೆ ನನ್ನ ಕೋರಿಕೆ ಇದೇ. ಲಕ್ಷಗಟ್ಟಲೆ ತೆಗೆದುಕೊಳ್ಳುತ್ತೀರಿ. ಹೊರಡುವ ಮುಂಚೆ ಮಕ್ಕಳಿಗೆ ಒಂದು ದಿನ ವಾಶಿ, ಒಂದು ದಿನ ನ್ಹಾವಾ ಶೇವಾ ತೋರಿಸಿ. ನಿಜವಾದ ಒಂದು ಬಿಲ್ ಆಫ್ ಲೇಡಿಂಗ್ ಕೈಗೆ ಕೊಡಿ. ಖರ್ಚು ಲೋಕಲ್ ಟಿಕೆಟ್ಟು, ಬಸ್ಸಿನದು.

ದುಬೈ ಕಲಿಯುವುದಕ್ಕೆ ಸಣ್ಣ ಊರಲ್ಲ. 1979ರಲ್ಲಿ ಜೆಬೆಲ್ ಅಲಿ ಬಂದರು ಶುರುವಾಯಿತು, 1985ರಲ್ಲಿ ಪಕ್ಕದಲ್ಲೇ ಫ್ರೀ ಝೋನ್, ಅಂದರೆ ಸುಂಕದ ರಿಯಾಯಿತಿ ಇರುವ ವ್ಯಾಪಾರ ವಲಯ, ಬಂತು. ಒಂದು ಕಡೆಯಿಂದ ತಂದು ಇನ್ನೊಂದು ಕಡೆಗೆ ಕಳಿಸುವುದೇ ಆ ಊರಿನ ದೊಡ್ಡ ವ್ಯಾಪಾರ. 2022ರ ಮೇ 1ರಿಂದ ನಮಗೂ ಯುಎಇಗೂ ಹೊಸ ವ್ಯಾಪಾರ ಒಪ್ಪಂದ ಜಾರಿಯಲ್ಲಿದೆ. ಅದರ ಕಡಿಮೆ ಸುಂಕ ಬೇಕಾದರೆ ಮಾಲು ಭಾರತದ್ದೇ ಅಂತ ಪ್ರಮಾಣಪತ್ರ ತೋರಿಸಬೇಕು. ಆ ಪತ್ರವನ್ನು ನೋಡುವವರನ್ನು ಮಕ್ಕಳು ಭೇಟಿ ಮಾಡಬೇಡವೇ? ದುಬೈನ ಹಳೆ ಭಾಗ ಡೇರಾದ ಕ್ರೀಕ್, ಅಂದರೆ ಊರೊಳಗೆ ಚಾಚಿದ ಕಡಲ ಹಿನ್ನೀರಿನ, ದಂಡೆಗೆ ಹೋಗಲು ಟಿಕೆಟ್ ಬೇಡ. ಇರಾನ್, ಸೊಮಾಲಿಯಾಕ್ಕೆ ಹೋಗುವ ಮರದ ಹಡಗುಗಳಿಗೆ ಅಲ್ಲೇ ಮಾಲು ತುಂಬುತ್ತಾರೆ. ಮಂಗಳೂರಿನ ಹಳೆ ಬಂದರಿನಲ್ಲಿ ಲಕ್ಷದ್ವೀಪಕ್ಕೆ ಹೊರಡುವ ಮಂಜಿ ಅನ್ನುವ ಮರದ ಹಡಗುಗಳನ್ನು ನೋಡಿದವರಿಗೆ ಕರುಳು ಚುರ್ ಅನ್ನುತ್ತದೆ. ಅವಳ ಹಾಳೆಯಲ್ಲಿ ಇದು ಯಾವುದೂ ಇರಲಿಲ್ಲ.

ಭಾವನಿಗೆ ಫೋನ್ ಮಾಡಿದೆ. ಒಪ್ಪಿದರು. ಅವಳು ತನ್ನ ಮೇಷ್ಟ್ರಿಗೆ ಪತ್ರ ಬರೆದಿದ್ದಾಳೆ, ಒಂದು ಮಾಲ್ ಬಿಟ್ಟು ಕ್ರೀಕ್ ಸೇರಿಸಿ ಅಂತ. ಉತ್ತರ ಇನ್ನೂ ಬಂದಿಲ್ಲ. ಶನಿವಾರ ನಾವು ವಾಶಿಗೆ ಹೊರಟಿದ್ದೇವೆ, ಬೆಳಿಗ್ಗೆ ಐದಕ್ಕೆ, ಪೆಟಿ ಇಳಿಯುವ ಹೊತ್ತಿಗೆ ಅಲ್ಲಿರಬೇಕು. ಅವಳ ಇಬ್ಬರು ಗೆಳತಿಯರೂ ಬರುತ್ತಿದ್ದಾರೆ. ಕಾರಿನಲ್ಲಿ ಇನ್ನೊಂದು ಸೀಟು ಖಾಲಿ ಇದೆ.