ಹೈಡೆಲ್‌ಬರ್ಗ್‌ನಲ್ಲಿ ಕೊನೆಯ ವಾರ: ಮೆನ್ಸಾ, ಕೋಟೆ, ಮತ್ತೆ ಆ ಶವರ್ ಗಾಜು

ಈ ಸದ್ದು ಕೇಳಿಸಿತಾ? ಮಳೆ ಅಲ್ಲ. ನಮ್ಮ ಕ್ಲಾಸಿನವರೆಲ್ಲ ಬೆರಳ ಗೆಣ್ಣಿನಿಂದ ಮೇಜು ಬಡಿಯುತ್ತಿದ್ದಾರೆ. ಜರ್ಮನಿಯಲ್ಲಿ ಪಾಠ ಮುಗಿದಾಗ ಚಪ್ಪಾಳೆ ತಟ್ಟುವುದಿಲ್ಲ, ಹೀಗೆ ಮೇಜು ಬಡಿದೇ ಮೇಷ್ಟರಿಗೆ ಮರ್ಯಾದೆ ಕೊಡುತ್ತಾರೆ. ಮಾಮೂಲಿ ದಿನ ಒಂದೆರಡು ಸೆಕೆಂಡಿಗೆ ಮುಗಿದುಹೋಗುತ್ತದೆ. ಇವತ್ತು ಸೆಮಿಸ್ಟರ್‌ನ ಕೊನೆಯ ಕ್ಲಾಸ್, ಅದಕ್ಕೆ ಯಾರೂ ನಿಲ್ಲಿಸುತ್ತಲೇ ಇಲ್ಲ. ಪ್ರೊಫೆಸರ್ ಪುಸ್ತಕಗಳನ್ನು ಚೀಲಕ್ಕೆ ಹಾಕಿಕೊಂಡು, ಬಾಗಿಲ ತನಕ ಹೋಗಿ, ತಿರುಗಿ ಕೈ ಬೀಸಿದರು. ಅವರ ಮುಖ ತೋರಿಸುತ್ತಿಲ್ಲ, ಕೇಳದೆ ತೋರಿಸುವುದು ಸರಿಯಲ್ಲ. ಸದ್ದು ಮಾತ್ರ ಇಟ್ಟುಕೊಂಡಿದ್ದೇನೆ. ಏಪ್ರಿಲ್‌ನಲ್ಲಿ ಮೊದಲ ಸಲ ಕೇಳಿದಾಗ ಒರಟು ಅನ್ನಿಸಿತ್ತು. ಈಗ ಚಪ್ಪಾಳೆಗಿಂತ ಇದೇ ಚೆಂದ ಅನ್ನಿಸುತ್ತದೆ.

ನಮಸ್ಕಾರ ಎಲ್ಲರಿಗೂ. ಕೊನೆಯ ವಾರ ಏನೇನು ನೋಡುತ್ತೀರಿ ಅಂತ ತುಂಬಾ ಜನ ಕೇಳಿದ್ದೀರಿ. ಹೊಸದು ಏನೂ ನೋಡುವುದಿಲ್ಲ, ಇಲ್ಲಿನ ಕೋಟೆಗೂ ಹೋಗುವುದಿಲ್ಲ. ಬಿಟ್ಟುಹೋದ ಊರುಗಳ ಪಟ್ಟಿ ಹಿಡಿದು ರೈಲಿನಲ್ಲಿ ಓಡಾಡುವ ಆಸೆ ನನಗಿಲ್ಲ. ಬರ್ಲಿನ್ ಎಲ್ಲಿಗೂ ಹೋಗುವುದಿಲ್ಲ, ಹತ್ತು ವರ್ಷ ಬಿಟ್ಟು ಬಂದರೂ ಅಲ್ಲೇ ಇರುತ್ತದೆ. ಆದರೆ ನಮ್ಮ ಹಾಸ್ಟೆಲ್‌ನ ಈ ಅಡುಗೆಮನೆ, ಈ ಮೇಜಿನ ಸುತ್ತ ಕೂರುವ ಇವೇ ಮುಖಗಳು ಮತ್ತೆ ಸಿಗುವುದಿಲ್ಲ. ಚಳಿಗಾಲದ ಸೆಮಿಸ್ಟರ್‌ಗೆ ಈ ರೂಮುಗಳಿಗೆ ಬೇರೆ ಯಾರೋ ಬರುತ್ತಾರೆ. ಅದಕ್ಕೆ ಈ ವಾರ ದಿನಾ ಮಾಡುತ್ತಿದ್ದುದನ್ನೇ ಮಾಡಬೇಕು, ಚೆನ್ನಾಗಿ ಮಾಡಬೇಕು, ಅಷ್ಟೇ.

ಇನ್ನೊಂದು ವಿಷಯ. ಲೆಕ್ಕದ ಪ್ರಕಾರ ಇಲ್ಲಿನ ಬೇಸಿಗೆ ಸೆಮಿಸ್ಟರ್ ಏಪ್ರಿಲ್ 1ರಿಂದ ಸೆಪ್ಟೆಂಬರ್ 30ರವರೆಗೆ. ಪಾಠಗಳು ಮಾತ್ರ ಜುಲೈನಲ್ಲೇ ನಿಲ್ಲುತ್ತವೆ. ಆಮೇಲೆ ಉಳಿಯುವುದು ಪರೀಕ್ಷೆ ಮತ್ತು ಸೆಮಿನಾರ್ ಪ್ರಬಂಧ. ಹಾಗಾಗಿ ಇಲ್ಲಿಯವರಿಗೆ ಇದು ಕೊನೆಯೇ ಅಲ್ಲ, ಲೈಬ್ರರಿಗೆ ಹೋಗುವ ಕಾಲ. ಎಕ್ಸ್‌ಚೇಂಜ್‌ನಲ್ಲಿ ಬಂದ ನಮಗೆ ಮಾತ್ರ ಕೊನೆ, ಅದೂ ಒಬ್ಬೊಬ್ಬರಿಗೆ ಒಂದೊಂದು ದಿನ. ಎಲ್ಲರೂ ಒಟ್ಟಿಗೆ ಸೇರಿ ಬೀಳ್ಕೊಡುವ ಒಂದು ಸಂಜೆ ಅಂತ ಇಲ್ಲವೇ ಇಲ್ಲ. ಬೆಳಿಗ್ಗೆ ಎದ್ದರೆ ಫ್ರಿಜ್‌ನಲ್ಲಿ ಒಬ್ಬರ ಜಾಗ ಖಾಲಿಯಾಗಿರುತ್ತದೆ, ಸೂಟ್‌ಕೇಸ್ ಎಳೆದ ಸದ್ದು ಮಾತ್ರ ರಾತ್ರಿ ಕೇಳಿರುತ್ತದೆ. ನನಗೆ ಇದು ಸ್ವಲ್ಪವೂ ಇಷ್ಟವಾಗಲಿಲ್ಲ. ಅದಕ್ಕೆ ಅಡುಗೆಮನೆ ಬಾಗಿಲಿಗೆ ಒಂದು ಹಾಳೆ ಅಂಟಿಸಿದೆ. ಯಾರು, ಯಾವ ದಿನ, ಎಷ್ಟು ಗಂಟೆ ರೈಲು. ಈಗ ಎಲ್ಲರೂ ಬರೆಯುತ್ತಿದ್ದಾರೆ.

ಇದು ಮಾರ್ಷ್ಟಾಲ್ ಅಂಗಳ, ನೆಕ್ಕಾರ್ ನದಿಯ ದಂಡೆಯಲ್ಲೇ ಇದೆ. ಹಿಂದೆ ಇಲ್ಲಿನ ಅರಸರು ಆಯುಧ ಇಡುತ್ತಿದ್ದ ಕಟ್ಟಡ, ಈಗ ವಿದ್ಯಾರ್ಥಿಗಳ ಊಟದ ಮನೆ, ಅಂದರೆ ಮೆನ್ಸಾ. ನಮಗೆ ಬೇಕಾದ್ದನ್ನು ನಾವೇ ತಟ್ಟೆಗೆ ಹಾಕಿಕೊಂಡರೆ ತೂಕ ಹಾಕಿ ದುಡ್ಡು ತೆಗೆದುಕೊಳ್ಳುತ್ತಾರೆ. ಆಲೂಗಡ್ಡೆ ತೂಗುತ್ತದೆ, ಸೊಪ್ಪು ತೂಗುವುದಿಲ್ಲ. ಮೊದಲ ತಿಂಗಳು ಎಲ್ಲರೂ ಸೊಪ್ಪೇ ತಿಂದಿದ್ದೇವೆ! ಈ ವಾರ ಆಲೂಗಡ್ಡೆಯನ್ನೂ ಧಾರಾಳವಾಗಿ ಹಾಕಿಕೊಂಡೆ. ಊಟ ಅದ್ಭುತ ಅಂತ ಹೇಳುವುದಿಲ್ಲ, ಸಾರುಗಳಿಗೆ ಉಪ್ಪು ಕಡಿಮೆ. ಆದರೆ ತಟ್ಟೆ ಹಿಡಿದು ಹೊರಗೆ ಬಂದು, ಈ ಮರಳುಗಲ್ಲಿನ ಗೋಡೆ ಪಕ್ಕ ಬಿಸಿಲಲ್ಲಿ ಕೂತರೆ ಒಂದು ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ.

ಲೈಬ್ರರಿ. ಇದೇ ನನ್ನ ಜಾಗ, ಕಿಟಕಿಯಿಂದ ಎರಡನೇ ಕುರ್ಚಿ. 1905ರಲ್ಲಿ ಕಟ್ಟಿ ಮುಗಿಸಿದ ಕೆಂಪು ಕಲ್ಲಿನ ಕಟ್ಟಡ. ಇಲ್ಲಿನ ದೊಡ್ಡ ಆಸ್ತಿ ಮಾನೆಸೆ ಹಸ್ತಪ್ರತಿ, ಹಳೇ ಜರ್ಮನ್ ಹಾಡುಗಳ ಸಂಗ್ರಹ. ಸುಮಾರು 1300ರ ನಂತರ ಬರೆದದ್ದು, ಕವಿಗಳ ಚಿತ್ರಗಳೇ 137 ಇವೆ. ಹದಿನೇಳನೇ ಶತಮಾನದಲ್ಲಿ ಕೈತಪ್ಪಿ ಪ್ಯಾರಿಸ್ ಸೇರಿ, 1888ರಲ್ಲಿ ವಾಪಸ್ ಬಂತು. ಪುಟಗಳನ್ನೆಲ್ಲ ಲೈಬ್ರರಿಯವರೇ ಇಂಟರ್ನೆಟ್‌ನಲ್ಲಿ ಹಾಕಿದ್ದಾರೆ. ಪ್ರಬಂಧ ಬರೆದು ಕಣ್ಣು ಉರಿದಾಗ ನಾನು ಒಂದೊಂದೇ ಚಿತ್ರ ನೋಡುತ್ತಿದ್ದೆ. ಈ ಕುರ್ಚಿಯಲ್ಲಿ ಕೂತೇ ಕೊನೆಯ ಚಿತ್ರದ ತನಕ ಬರಬೇಕು ಅಂತ ಆಸೆ. ಬರುತ್ತೇನೆ, ಇನ್ನು ಸ್ವಲ್ಪವೇ ಇದೆ.

ಈಗ ಶವರ್ ಗಾಜು.

ಇದನ್ನು ಉದ್ದಕ್ಕೆ ಹೇಳಲೇಬೇಕು, ಯಾಕೆಂದರೆ ನನ್ನ ಇಡೀ ಭಾನುವಾರ ಇದಕ್ಕೇ ಹೋಯಿತು. ರೂಮ್ ಬಿಡುವಾಗ ಕಟ್ಟಡ ನೋಡಿಕೊಳ್ಳುವವರು, ಹೌಸ್‌ಮೈಸ್ಟರ್ ಅನ್ನುತ್ತಾರೆ, ಬಂದು ಎಲ್ಲ ನೋಡುತ್ತಾರೆ. ಗೋಡೆ, ಹಾಸಿಗೆ, ಒಲೆ, ಬಚ್ಚಲು. ಏನಾದರೂ ಕೊರತೆ ಕಂಡರೆ ಠೇವಣಿಯಲ್ಲಿ ಹಿಡಿಯುತ್ತಾರೆ. ನನಗೆ ಗುರುವಾರ ಅಂತ ಹೇಳಿದ್ದರು. ಶನಿವಾರ ರಾತ್ರಿ ಮೇಲ್ ಬಂತು: ಸೋಮವಾರ ಬೆಳಿಗ್ಗೆ 8ಕ್ಕೆ. ಕಾರಣ ಬರೆದಿಲ್ಲ, ಆಗುತ್ತದಾ ಅಂತ ಕೇಳಿಲ್ಲ. ಶನಿವಾರ ರಾತ್ರಿ! ಈ ದೇಶದಲ್ಲಿ ಭಾನುವಾರ ಅಂಗಡಿ ತೆರೆಯುವುದಿಲ್ಲ, ಅದು ಕಾನೂನು. ಗಾಜು ತೊಳೆಯುವ ದ್ರಾವಣ ಬೇಕಾದರೆ ಎಲ್ಲಿಂದ ತರುವುದು? ಮೇಲ್ ಕಳಿಸಿದವರಿಗೂ ಇದು ಗೊತ್ತಿರುತ್ತದೆ ತಾನೇ? ನನಗೆ ನಿಜವಾಗಲೂ ಸಿಟ್ಟು ಬಂತು.

ಗಾಜು ನೋಡಿ, ಹತ್ತಿರದಿಂದ ತೋರಿಸುತ್ತೇನೆ. ಕೆಳಗಡೆ ಬಿಲ್ಲಿನ ಆಕಾರದಲ್ಲಿ ಬಿಳಿ ಪದರ, ಅದರ ಮೇಲೆ ಚುಕ್ಕಿ ಚುಕ್ಕಿ. ಉಗುರು ಹಾಕಿದರೆ ಗರಗರ ಅನ್ನುತ್ತದೆ. ಕೊಳೆ ಅಲ್ಲ ಇದು, ಸುಣ್ಣ. ಇಲ್ಲಿನ ನೀರು ಗಡಸು. ಹನಿ ಒಣಗಿದಾಗ ನೀರು ಹೋಗುತ್ತದೆ, ಸುಣ್ಣ ಉಳಿಯುತ್ತದೆ. ಈ ಪದರ ನಾನು ಬರುವ ಮೊದಲೇ ಇತ್ತು. ನನ್ನ ಹಿಂದಿನವರದ್ದು, ಅವರ ಹಿಂದಿನವರದ್ದು, ವರ್ಷಗಳ ಸ್ನಾನ ಅದರಲ್ಲಿದೆ. ಆದರೆ ನಾನು ಬಂದಾಗ ಸಹಿ ಹಾಕಿಸಿಕೊಂಡ ಪಟ್ಟಿಯಲ್ಲಿ "ಶವರ್: ಇದೆ" ಅಂತ ಮಾತ್ರ ಬರೆದಿತ್ತು. ಗಾಜು ಹೇಗಿದೆ ಅಂತ ಬರೆಯಲು ಜಾಗವೇ ಇರಲಿಲ್ಲ.

ಪಕ್ಕದ ರೂಮಿನ ಪೋಲೆಂಡ್ ಹುಡುಗಿ ಕಾಪಾಡಿದಳು. ಅವಳ ಹತ್ತಿರ ವಿನಿಗರ್ ಎಸೆನ್ಸ್ ಬಾಟಲಿ ಇತ್ತು. ಅಡುಗೆಗೆ ಹಾಕುವ ವಿನಿಗರ್‌ಗಿಂತ ಅದು ತುಂಬಾ ತೀಕ್ಷ್ಣ, ಶೇಕಡಾ 25ರಷ್ಟು ಆಮ್ಲ. ನೀರು ಬೆರೆಸಿಯೇ ಬಳಸಬೇಕು. ಕಿಟಕಿ ತೆರೆದಿಡಿ, ಕೈಗೆ ಗ್ಲೌಸ್ ಹಾಕಿ. ಬ್ಲೀಚ್ ಜೊತೆ ಮಾತ್ರ ಯಾವ ಕಾರಣಕ್ಕೂ ಸೇರಿಸಬೇಡಿ, ಕ್ಲೋರಿನ್ ಅನಿಲ ಬರುತ್ತದೆ. ಕಾಗದದ ಟವೆಲ್ ಅದರಲ್ಲಿ ಅದ್ದಿ ಗಾಜಿಗೆ ಅಂಟಿಸಿ ಬಿಟ್ಟೆವು. ಇಲ್ಲಿ ನೋಡಿ, ಸಣ್ಣ ಸಣ್ಣ ಗುಳ್ಳೆ. ಆಮ್ಲ ಸುಣ್ಣವನ್ನು ಕರಗಿಸುವಾಗ ಕಾರ್ಬನ್ ಡೈಆಕ್ಸೈಡ್ ಹೊರಗೆ ಬರುತ್ತಿದೆ. ಆಮೇಲೆ ಉಜ್ಜುವುದು, ತೊಳೆಯುವುದು, ಮತ್ತೆ ಅಂಟಿಸುವುದು.

ಉಜ್ಜುತ್ತಾ ರಸಾಯನ ವಿಜ್ಞಾನಿ ಬುನ್ಸೆನ್ ನೆನಪಾದರು. ಲ್ಯಾಬ್‌ನ ಬರ್ನರ್‌ಗೆ ಅವರದೇ ಹೆಸರು. 1852ರಿಂದ ಈ ವಿಶ್ವವಿದ್ಯಾಲಯದಲ್ಲೇ ಪಾಠ ಮಾಡಿದರು, ಮುಖ್ಯ ಬೀದಿಯಲ್ಲಿ ಅವರ ಪ್ರತಿಮೆ ಇದೆ. 1860ರಲ್ಲಿ ಅವರೂ ಭೌತವಿಜ್ಞಾನಿ ಕಿರ್ಖಾಫ್ ಅವರೂ ಸೇರಿ ಸೀಸಿಯಂ ಅನ್ನುವ ಲೋಹ ಕಂಡುಹಿಡಿದದ್ದು ನೀರಿನಲ್ಲೇ! ಹತ್ತಿರದ ಡ್ಯೂರ್ಕ್‌ಹೈಮ್ ಊರಿನ ಖನಿಜ ನೀರು. 40 ಟನ್‌ಗೂ ಹೆಚ್ಚು ನೀರು ಕಾಯಿಸಿ ಇಂಗಿಸಿದ ಮೇಲೆ ಕೆಲವೇ ಗ್ರಾಂ ಸೀಸಿಯಂ ಉಪ್ಪು ಸಿಕ್ಕಿತಂತೆ. ಎಂಥ ತಾಳ್ಮೆ! ಅದನ್ನು ಯೋಚಿಸಿದರೆ ಒಂದು ಗಾಜು ದೊಡ್ಡದಲ್ಲ ಅಂತ ಇಬ್ಬರೂ ಮಾತಾಡಿಕೊಂಡು ಮತ್ತೆ ಉಜ್ಜಿದೆವು. ಅವಳು ಬುಧವಾರ ಹೊರಡುತ್ತಾಳೆ. ಅಷ್ಟು ಹೊತ್ತು ಬಿಡದೆ ನಾವಿಬ್ಬರೇ ಕೂತು ಮಾತಾಡಿದ್ದು ಈ ಸೆಮಿಸ್ಟರ್‌ನಲ್ಲಿ ಅದೇ ಮೊದಲು. ಅವಳ ಅಜ್ಜಿಯ ತೋಟದ ಬಗ್ಗೆ, ಅವಳು ಬಿಡಬೇಕೆಂದಿರುವ ಕೋರ್ಸ್ ಬಗ್ಗೆ, ಏನೇನೋ. ಭಾನುವಾರ ಹಾಳಾಯಿತು ಅಂತ ಬೆಳಿಗ್ಗೆ ಹೇಳುತ್ತಿದ್ದೆ. ಈಗ ಹಾಗೆ ಹೇಳುವುದಿಲ್ಲ. ಮೇಲ್ ಕಳಿಸಿದ ರೀತಿ ಮಾತ್ರ ಈಗಲೂ ತಪ್ಪೇ.

ಸೋಮವಾರ ಏನಾಯಿತು ಅಂದರೆ, ಹೌಸ್‌ಮೈಸ್ಟರ್ ಬಂದು ಟಾರ್ಚ್ ಹಾಕಿ ನೋಡಿದರು. ಮೂಲೆಯಲ್ಲಿ ಹೆಬ್ಬೆರಳಷ್ಟು ಉಳಿದಿತ್ತು, ಅದಕ್ಕೇ ಬೆರಳಿಟ್ಟರು. ನಾನು ಏಪ್ರಿಲ್‌ನಲ್ಲಿ ತೆಗೆದ ಫೋಟೊ ತೋರಿಸಿದೆ, ದಿನಾಂಕದ ಸಮೇತ. ನೋಡಿದರು, "ಹಳೆಯದು" ಅಂತ ಬರೆದರು, ಸಹಿ ಹಾಕಿದರು. ಮುಗಿಯಿತು. ಯಾರಾದರೂ ಹೊರಗಡೆ ಓದಲು ಹೊರಟಿದ್ದರೆ ರೂಮಿಗೆ ಕಾಲಿಟ್ಟ ದಿನವೇ ಮೂಲೆ ಮೂಲೆಯ ಫೋಟೊ ತೆಗೆದಿಡಿ. ಇನ್ನೊಂದು, ಠೇವಣಿ ಕೈಗೆ ಕೊಡುವುದಿಲ್ಲ, ಖಾತೆಗೆ ಹಾಕುತ್ತಾರೆ, ಅದೂ ತಡವಾಗಿ. ದುಡ್ಡು ಬರುವ ತನಕ ಇಲ್ಲಿನ ಬ್ಯಾಂಕ್ ಖಾತೆ ಮುಚ್ಚಬೇಡಿ. ಊರಿನ ಕಚೇರಿಯಲ್ಲಿ ನೋಂದಾಯಿಸಿದ ವಿಳಾಸ ರದ್ದು ಮಾಡಿಸುವುದನ್ನೂ ಮರೆಯಬೇಡಿ. ಹೊರಡುವ ಒಂದು ವಾರ ಮೊದಲಿನಿಂದ ಮಾಡಿಸಬಹುದು, ಹೊರಟು ಎರಡು ವಾರದೊಳಗೆ ಆಗಿರಬೇಕು.

ಸರಿ, ಅಡುಗೆಮನೆ. ಈ ಪಾತ್ರೆಯ ಮುಚ್ಚಳ ನೋಡಿ. ಹಿಡಿ ಯಾವಾಗಲೋ ಮುರಿದಿದೆ, ಯಾರೋ ಅಲ್ಲಿ ವೈನ್ ಬಾಟಲಿಯ ಬಿರಡೆ ಸಿಕ್ಕಿಸಿ ಒಳಗಿನಿಂದ ಸ್ಕ್ರೂ ಹಾಕಿದ್ದಾರೆ. ಬಿರಡೆ ಬೆರಳಿನ ಎಣ್ಣೆಗೆ ಕಪ್ಪಾಗಿ ನುಣುಪಾಗಿದೆ. ಕೈ ಸುಡುವುದೇ ಇಲ್ಲ, ಹೊಸ ಹಿಡಿಗಿಂತ ಒಳ್ಳೆಯದು. ನನಗೆ ಕೊಟ್ಟವರಿಗೆ ಇನ್ಯಾರೋ ಕೊಟ್ಟಿದ್ದರು. ನಾನು ಕಪಾಟಿನಲ್ಲೇ ಬಿಟ್ಟು ಹೋಗುತ್ತೇನೆ. ಉಳಿದದ್ದೆಲ್ಲ ಈ ರಟ್ಟಿನ ಪೆಟ್ಟಿಗೆಗೆ. ಬೇಕಾದವರು ತೆಗೆದುಕೊಳ್ಳಿ ಅಂತ ಬರೆದು ಬೀದಿ ಬದಿ ಇಡುವುದು ಇಲ್ಲಿ ಎಲ್ಲರೂ ಮಾಡುತ್ತಾರೆ. ಟೇಬಲ್ ಲ್ಯಾಂಪ್ ಇಟ್ಟು ಬಾಗಿಲು ಹಾಕುವಷ್ಟರಲ್ಲಿ ಹೋಗಿತ್ತು.

ಇದು ವಿದ್ಯಾರ್ಥಿಗಳ ಜೈಲು, ಹಿಂದೊಮ್ಮೆ ತೆಗೆದ ಶಾಟ್. ವಿಶ್ವವಿದ್ಯಾಲಯ ಶುರುವಾದದ್ದು 1386ರಲ್ಲಿ, ಜರ್ಮನಿಯಲ್ಲಿ ಇದೇ ಎಲ್ಲಕ್ಕಿಂತ ಹಳೆಯದು. ರಾತ್ರಿ ಗಲಾಟೆ ಮಾಡಿದವರನ್ನು 1914ರ ತನಕ ವಿಶ್ವವಿದ್ಯಾಲಯವೇ ಕೂಡಿಹಾಕುತ್ತಿತ್ತು. ಗೋಡೆ, ಛಾವಣಿ ಎಲ್ಲ ಕಡೆ ಅವರ ಹೆಸರು, ಮುಖದ ನೆರಳುಚಿತ್ರ, ತಾರೀಖು. ಈಗ ಅದನ್ನೇ ಜೋಪಾನ ಮಾಡುತ್ತಾರೆ. ನಮ್ಮ ರೂಮಿನಲ್ಲಿ ಒಂದು ಮೊಳೆ ಹೊಡೆಯುವಂತಿಲ್ಲ. ನನಗೆ ಅವರನ್ನು ಕಂಡರೆ ಹೊಟ್ಟೆಕಿಚ್ಚು. ಓದಿದ ಊರಿನ ಗೋಡೆ ಮೇಲೆ ಹೆಸರು ಉಳಿಯುವುದು ಯಾರಿಗೆ ಬೇಡ?

ಕೋಟೆಗೆ ಹೋಗುವುದಿಲ್ಲ ಅಂತ ಗಟ್ಟಿಯಾಗಿ ಹೇಳಿದ್ದೆ. ಹೋದೆ. ನಮ್ಮ ಜೊತೆಯ ಇಟಲಿಯ ಹುಡುಗ ಇಡೀ ಸೆಮಿಸ್ಟರ್ ಕೆಳಗಿನಿಂದಲೇ ನೋಡಿದ್ದನಂತೆ, ಮೇಲೆ ಹತ್ತಿಯೇ ಇರಲಿಲ್ಲ. ಅವನೊಬ್ಬನನ್ನೇ ಕಳಿಸುವುದಕ್ಕೆ ಮನಸ್ಸಾಗಲಿಲ್ಲ. ಫ್ರೆಂಚ್ ಸೈನ್ಯ 1689ರಲ್ಲೂ 1693ರಲ್ಲೂ ಹಾಳುಗೆಡವಿತು, 1764ರಲ್ಲಿ ಸಿಡಿಲು ಹೊಡೆದು ಬೆಂಕಿ ಬಿತ್ತು. ಕೆಳಮನೆಯಲ್ಲಿ 1751ರ ವೈನ್ ಪೀಪಾಯಿ ಇದೆ, ಸುಮಾರು 2,20,000 ಲೀಟರ್ ಹಿಡಿಯುತ್ತದೆ, ಮೇಲೆ ಹತ್ತಲು ಮೆಟ್ಟಿಲಿದೆ. ಪೀಪಾಯಿ ನನಗೆ ಅಷ್ಟೇನೂ ಹಿಡಿಸಲಿಲ್ಲ, ಜನಜಂಗುಳಿ. ಆದರೆ ಈ ಕಟ್ಟೆಯಿಂದ ಕೆಳಗೆ ನೋಡಿ. ಹಳೇ ಸೇತುವೆ, ಚರ್ಚ್ ಗೋಪುರ, ಅಲ್ಲಿ ಎಡಕ್ಕೆ ಮೆನ್ಸಾ ಛಾವಣಿ. ದಿನಾ ಓಡಾಡಿದ ದಾರಿ ಪೂರ್ತಿ ಒಂದೇ ನೋಟಕ್ಕೆ ಸಿಗುತ್ತದೆ. ಲೈಬ್ರರಿಗೆ ಯಾವ ಸಂದಿಯಿಂದ ಹೋದರೆ ಬೇಗ ಅಂತ ನಾವಿಬ್ಬರೂ ಬೆರಳು ತೋರಿಸಿ ವಾದ ಮಾಡಿದೆವು. ಕೊನೆಯ ವಾರ ಕೋಟೆ ಬೇಡ ಅನ್ನುವ ಮಾತು ವಾಪಸ್. ಹೋಗಿ, ಆದರೆ ಊರು ಪರಿಚಯ ಆದ ಮೇಲೆ ಹೋಗಿ, ಯಾರ ಜೊತೆಗಾದರೂ ಹೋಗಿ.

ಖಾಲಿ ಬಾಟಲಿ ಹಾಕಿದರೆ ಅದರ ಠೇವಣಿ ವಾಪಸ್ ಕೊಡುವ ಯಂತ್ರ. ಎಲ್ಲರ ರೂಮಿನ ಖಾಲಿ ಬಾಟಲಿ ಒಟ್ಟು ಮಾಡಿ ತಂದಿದ್ದೇವೆ. ತೆಳು ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್, ಬಿಯರ್ ಗಾಜಿನದ್ದಕ್ಕೆ 8 ಸೆಂಟ್ ವಾಪಸ್. ಬಂದ ದುಡ್ಡಿನಲ್ಲಿ ಎಲ್ಲರಿಗೂ ಐಸ್‌ಕ್ರೀಮ್. ಪಿಸ್ತಾ ಮುಗಿದಿತ್ತು, ಬೇಜಾರಾಯಿತು, ನಿಂಬೆ ತಗೊಂಡೆ.

ಈಗ ನದಿ ಆಚೆ ದಂಡೆಯ ಹುಲ್ಲುಗಾವಲು, ನೆಕ್ಕಾರ್‌ವೀಸೆ. ರಾತ್ರಿ ಒಂಬತ್ತಾದರೂ ಬೆಳಕಿದೆ. ಬಾಗಿಲಿನ ಹಾಳೆ ಪ್ರಕಾರ ನಾಳೆ ಇಬ್ಬರು ಹೊರಡುತ್ತಾರೆ, ಒಬ್ಬರದ್ದು ಬೆಳಿಗ್ಗೆ 5:40ರ ರೈಲು. ಸ್ಟೇಷನ್‌ಗೆ ಎಲ್ಲರೂ ಹೋಗುತ್ತೇವೆ. ನಿದ್ದೆಗೆಟ್ಟರೂ ಪರವಾಗಿಲ್ಲ. 23 ಕಿಲೋ ಲಗೇಜ್ ಕಟ್ಟುವ ಪಾಡು ಮುಂದಿನ ವಿಡಿಯೊದಲ್ಲಿ, ಅದಕ್ಕೆ ಇನ್ನೂ ಕೈ ಹಾಕಿಲ್ಲ. ಅಲ್ಲಿ ಕರೆಯುತ್ತಿದ್ದಾರೆ, ವಾಲಿಬಾಲ್‌ಗೆ ಒಬ್ಬರು ಕಡಿಮೆ ಅಂತೆ. ಬಂದೆ, ಬಂದೆ! ಕ್ಯಾಮೆರಾ ಆಫ್ ಮಾಡುತ್ತೇನೆ.