ಐವತ್ತಕ್ಕೆ ಸ್ಟಾರ್ ಆದ ಲೂಯಿ ದ ಫ್ಯೂನೆಸ್ ಊರಲ್ಲಿ ಒಂದು ಮಧ್ಯಾಹ್ನ

ನಮಸ್ಕಾರ. ಈಗ ಕಾಣುತ್ತಿರುವುದು ಲ್ವಾರ್ ನದಿ. ನದಿಗೆ ಅಂಟಿಕೊಂಡೇ ರೈಲು ಹಳಿ, ಅದರ ಮೇಲೆ ಗುಡ್ಡ. ಗುಡ್ಡದ ಮೇಲಿನ ಊರು ಲ ಸೆಲ್ಲಿಯೇ. ಪಶ್ಚಿಮ ಫ್ರಾನ್ಸಿನ ನಾಂತ್ ನಗರದಿಂದ ಲೋಕಲ್ ರೈಲಲ್ಲಿ ಬಂದೆ. ಈ ಸ್ಟೇಷನ್ನಿನಲ್ಲಿ ಇಳಿದವನು ನಾನೊಬ್ಬನೇ.

ಬಂದಿದ್ದು ಒಬ್ಬ ನಟನಿಗಾಗಿ. ಲೂಯಿ ದ ಫ್ಯೂನೆಸ್. ನನಗೆ ಫ್ರೆಂಚ್ ಒಂದಕ್ಷರವೂ ಬರದಿದ್ದಾಗ ಕೊನೆಯವರೆಗೂ ಕೂತು ನೋಡಿದ ಮೊದಲ ಫ್ರೆಂಚ್ ಸಿನಿಮಾ ಇವರದ್ದು. ಸಬ್‌ಟೈಟಲ್ ಇರಲಿಲ್ಲ. ಆದರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಮಾತು ಅರ್ಥವಾಗದೆ ಇಷ್ಟು ನಗು ಬಂದಿದ್ದು ಹೇಗೆ ಅಂತ ಆಮೇಲೆ ಯೋಚಿಸಿದೆ. ನನ್ನ ಲೆಕ್ಕದಲ್ಲಿ ಉತ್ತರ ಇರುವುದು ಪಿಯಾನೋದಲ್ಲಿ.

ಲೂಯಿ ಹುಟ್ಟಿದ್ದು 1914ರಲ್ಲಿ, ಪ್ಯಾರಿಸ್ ಪಕ್ಕದ ಕೂರ್ಬವ್ವಾದಲ್ಲಿ. ಅಪ್ಪ ಅಮ್ಮ ಸ್ಪೇನಿನಿಂದ ಬಂದವರು. ಅಮ್ಮ ಲಿಯೊನೋರ್ ಭಾರೀ ಸಿಡುಕಿ. ಕೋಪ ಬಂದರೆ ಮೇಜಿನ ಸುತ್ತ ಅಟ್ಟಿಸಿಕೊಂಡು ಹೋಗುತ್ತಿದ್ದರಂತೆ. ತೆರೆಯ ಮೇಲೆ ಲೂಯಿ ಕುದಿಯುವುದು, ಕುಣಿಯುವುದು, ಮರುಕ್ಷಣವೇ ಮೆತ್ತಗಾಗುವುದು ಎಲ್ಲ ಅಮ್ಮನಿಂದ ಕಲಿತದ್ದು ಅಂತ ಅವರೇ ಹೇಳಿಕೊಂಡಿದ್ದರು.

ಶಾಲೆಯಲ್ಲಿ ಅಷ್ಟಕ್ಕಷ್ಟೆ. ಹಿಡಿದ ಕೆಲಸವೂ ನಿಲ್ಲುತ್ತಿರಲಿಲ್ಲ. ಕೊನೆಗೆ ಕೈ ಹಿಡಿದದ್ದು ಪಿಯಾನೋ. ಪ್ಯಾರಿಸ್ಸಿನ ಪಿಗಾಲ್ ಕಡೆಯ ಬಾರ್‌ಗಳಲ್ಲಿ ರಾತ್ರಿಯಿಡೀ ನುಡಿಸುತ್ತಿದ್ದರು. ಜರ್ಮನ್ನರು ಪ್ಯಾರಿಸ್ ಹಿಡಿದಿದ್ದ ವರ್ಷಗಳಲ್ಲೂ ಅದೇ ಕಸುಬು. ಸುಮ್ನೆ ಊಹಿಸಿಕೊಳ್ಳಿ. ಕೈ ತಾಳ ತಪ್ಪಬಾರದು, ಕಣ್ಣು ಮಾತ್ರ ಗಿರಾಕಿಗಳ ಮೇಲೆ. ಇದಕ್ಕಿಂತ ಒಳ್ಳೆಯ ನಟನಾಶಾಲೆ ಬೇಕಾ?

1945ರಲ್ಲಿ, 31ನೇ ವಯಸ್ಸಿಗೆ, ಮೊದಲ ಸಿನಿಮಾ. ಪಾತ್ರ ಬಾಗಿಲು ಕಾಯುವವನದು. ಮುಂದಿನ ಇಪ್ಪತ್ತು ವರ್ಷ ಹೆಚ್ಚುಕಡಿಮೆ ಇಂಥವೇ. ಬಂದು, ಒಂದು ಮಾತು ಹೇಳಿ, ಹೋಗುವ ಪಾತ್ರಗಳು.

ನಡುವೆ 1956ರಲ್ಲಿ 'ಲಾ ತ್ರಾವೆರ್ಸೆ ದ ಪಾರಿ' ಬಂತು. ಯುದ್ಧಕಾಲದ ಪ್ಯಾರಿಸ್, ಕಾಳಸಂತೆಯ ಕಥೆ. ಲೂಯಿ ಇಲ್ಲಿ ಜಾಂಬಿಯೇ ಎಂಬ ಅಂಗಡಿಯವ. ನೆಲಮಾಳಿಗೆಯಲ್ಲಿ ಕದ್ದು ಹಂದಿ ಕಡಿಯಬೇಕು, ಅದರ ಕಿರುಚಾಟ ಹೊರಗೆ ಕೇಳಬಾರದು. ಅದಕ್ಕೆ ಪಕ್ಕದಲ್ಲೊಬ್ಬ ಅಕಾರ್ಡಿಯನ್ ಬಾರಿಸುತ್ತಾನೆ. ಆಮೇಲೆ ನಟ ಝಾನ್ ಗಾಬಿನ್ ಪಾತ್ರ ಜಾಸ್ತಿ ದುಡ್ಡು ಕೇಳುತ್ತಾ, ಇವನ ಹೆಸರು, ವಿಳಾಸವನ್ನು ಬೀದಿಗೆ ಕೇಳುವಂತೆ ಕೂಗತೊಡಗುತ್ತದೆ. ಆಗ ಲೂಯಿ ಮುಖ ನೋಡಬೇಕು. ಹೆದರಿಕೆ, ಜಿಪುಣತನ, ಸಿಟ್ಟು, ಮೂರೂ ಒಟ್ಟಿಗೆ ಕುದಿಯುತ್ತಿರುತ್ತವೆ. ಇದ್ದದ್ದು ಕೆಲವೇ ನಿಮಿಷ. ಆದರೆ ಜನ ಮರೆಯಲಿಲ್ಲ.

ನಿಜವಾದ ಸ್ಟಾರ್ ಆಗಿದ್ದು 1964ರಲ್ಲಿ. ವಯಸ್ಸು ಐವತ್ತು, ತಲೆ ಬೋಳು, ಎತ್ತರವೂ ಇಲ್ಲ. ಸ್ಯಾಂ ತ್ರೋಪೇ ಊರಿನ ಪೊಲೀಸನಾಗಿ ಬಂದ ಸಿನಿಮಾ ಎಷ್ಟು ಓಡಿತೆಂದರೆ ಒಟ್ಟು ಆರು ಭಾಗ ತೆಗೆದರು. ನನಗೆ ಮೊದಲನೆಯದೇ ಸಾಕು. ಉಳಿದವು ಅದೇ ಸಾರಿಗೆ ನೀರು ಬೆರೆಸಿದ ಹಾಗೆ.

ನಾನು ಮತ್ತೆ ಮತ್ತೆ ನೋಡುವುದು 1966ರ 'ಲಾ ಗ್ರಾಂದ್ ವಾದ್ರೂಯ್'. ಅದರಲ್ಲಿ ಲೂಯಿ ಪ್ಯಾರಿಸ್ ಒಪೆರಾದ ಆರ್ಕೆಸ್ಟ್ರಾ ನಡೆಸುವವರು. ನುಡಿಸುವ ಸಂಗೀತ ಫ್ರೆಂಚ್ ಸಂಗೀತಗಾರ ಬೆರ್ಲಿಯೋಜ್‌ನದು. ಈ ದೃಶ್ಯಕ್ಕಾಗಿ ಮೂರು ತಿಂಗಳು ಅಭ್ಯಾಸ ಮಾಡಿದ್ದರಂತೆ. ಕೈಯಲ್ಲಿ ಕೋಲಿದೆ, ಹೌದು. ಆದರೆ ಹುಬ್ಬು ನೋಡಿ, ಭುಜ ನೋಡಿ. ಒಂದೂ ತಾಳ ತಪ್ಪುವುದಿಲ್ಲ. ಇಲ್ಲೇ ನನಗೆ ಆ ಬಾರ್ ಪಿಯಾನೋ ಕೇಳಿಸಿದ್ದು.

ಅದೇ ಸಿನಿಮಾದಲ್ಲಿ ಗೋಡೆಯಿಂದ ಜಾರಿ, ಸಹನಟ ಬೂರ್ವಿಲ್ ಹೆಗಲ ಮೇಲೆ ಕೂತುಬಿಡುತ್ತಾರೆ. ಆಮೇಲೆ ಇಳಿಯುವುದೇ ಇಲ್ಲ! ಅದು ಸ್ಕ್ರಿಪ್ಟಿನಲ್ಲಿ ಇರಲಿಲ್ಲವಂತೆ, ಸೆಟ್ಟಿನಲ್ಲಿ ಹುಟ್ಟಿದ್ದು. ಸುಮಾರು ಐದು ಕೋಟಿ ಜನರಿದ್ದ ದೇಶದಲ್ಲಿ ಈ ಸಿನಿಮಾಗೆ 1 ಕೋಟಿ 70 ಲಕ್ಷಕ್ಕೂ ಹೆಚ್ಚು ಟಿಕೆಟ್ ಹೋದವು. ನಲವತ್ತು ವರ್ಷ ಬೇರೆ ಯಾವ ಫ್ರೆಂಚ್ ಸಿನಿಮಾವೂ ಆ ದಾಖಲೆ ಮುರಿಯಲಿಲ್ಲ. ಮುರಿದದ್ದು 2008ರಲ್ಲಿ.

ಸರಿ, ಗುಡ್ಡ ಹತ್ತಿ ಸಾಕಾಯಿತು. ಉಸಿರಾಟ ಮೈಕಿನಲ್ಲಿ ಕೇಳಿಸುತ್ತಿದೆ, ಅಲ್ವಾ? ಮರಗಳ ಆಚೆ, ಕೆಂಪು ಇಟ್ಟಿಗೆ, ಬಿಳಿ ಕಲ್ಲಿನ ಆ ದೊಡ್ಡ ಮನೆ ಕಾಣುತ್ತಿದೆಯಲ್ಲ, ಅದೇ ಕ್ಲೆರ್ಮಾಂ ಬಂಗಲೆ. ಲೂಯಿ ಹೆಂಡತಿ ಝಾನ್, ಕಥೆಗಾರ ಮೊಪಾಸಾಂ ಮನೆತನದವರು. ಈ ಬಂಗಲೆಯೂ ಅವರ ಬಂಧುಗಳದ್ದೇ. 1967ರಲ್ಲಿ ಲೂಯಿ ಅದನ್ನು ಕೊಂಡರು.

1975ರ ಮಾರ್ಚಿನಲ್ಲಿ ಎರಡು ಸಲ ಹೃದಯಾಘಾತವಾಯಿತು. ಒಪ್ಪಿಕೊಂಡಿದ್ದ ಸಿನಿಮಾ ನಿಂತಿತು, ನಾಟಕಗಳೂ ನಿಂತವು. ವೈದ್ಯರು ಹೇಳಿದ್ದು ನಿಧಾನ, ನಿಧಾನ ಅಂತ. ಅವರ ನಟನೆಯಲ್ಲಿ ಇಲ್ಲದ ಪದವೇ ಅದು! ಇಲ್ಲಿ ತೋಟದಲ್ಲಿ ಕೂತರು. ರಾಸಾಯನಿಕ ಹಾಕದೆ ತರಕಾರಿ ಬೆಳೆದರು, ಗುಲಾಬಿ ಬೆಳೆದರು. ಮರುವರ್ಷ ಮತ್ತೆ ಕ್ಯಾಮೆರಾ ಮುಂದೆ. 1980ರಲ್ಲಿ ಫ್ರೆಂಚ್ ಸಿನಿಮಾದ ದೊಡ್ಡ ಪ್ರಶಸ್ತಿ ಸೆಸಾರ್, ಗೌರವವಾಗಿ ಬಂತು. ಕೊಟ್ಟವರು ಅಮೆರಿಕದ ಹಾಸ್ಯನಟ ಜೆರಿ ಲೂಯಿಸ್.

1983ರ ಜನವರಿ 27ರಂದು ಹೃದಯ ನಿಂತಿತು. ವಯಸ್ಸು 68.

ಇದು ಊರಿನ ಸ್ಮಶಾನ. ಸಮಾಧಿಯನ್ನು ಹತ್ತಿರದಿಂದ ತೋರಿಸುತ್ತಿಲ್ಲ. ಪಕ್ಕದ ಸಾಲಿನಲ್ಲಿ ಒಬ್ಬ ಅಜ್ಜಿ ಗಿಡಕ್ಕೆ ನೀರು ಹಾಕುತ್ತಿದ್ದರು, ಕ್ಯಾಮೆರಾ ಇಳಿಸಿದೆ. ಲೂಯಿ ಹೆಸರಿನ ಒಂದು ಗುಲಾಬಿ ತಳಿಯೇ ಇದೆ, ಬಣ್ಣ ಕಿತ್ತಳೆ. ಇಲ್ಲಿ ಇರಬಹುದು ಅಂತ ಹುಡುಕಿದೆ, ಸಿಗಲಿಲ್ಲ. ಏನು ಹುಡುಕುತ್ತಿದ್ದೀರಿ ಅಂತ ಅಜ್ಜಿ ಕೇಳಿದರು. ಹೇಳಿದೆ. ನೀರಿನ ಡಬ್ಬ ಕೆಳಗಿಟ್ಟು, ಕೆನ್ನೆ ಉಬ್ಬಿಸಿ, ಕಣ್ಣರಳಿಸಿ, ಲೂಯಿ ತರಹವೇ ಒಮ್ಮೆ ಗುರ್ರ್ ಅಂದರು. ಕ್ಯಾಮೆರಾ ಆಫ್ ಆಗಿತ್ತು.