ಮರವಿಲ್ಲದ ನಾಡಿನಲ್ಲಿ ಮನೆ ಕಟ್ಟಿದವರು

ಕೇಳುಗರೇ, ನಮಸ್ಕಾರ. ಇವತ್ತು ಅಮೆರಿಕದ ನೆಬ್ರಾಸ್ಕಾ ರಾಜ್ಯದ ನಡುವಿನಲ್ಲಿರುವ ಕಸ್ಟರ್ ಕೌಂಟಿಯ ಕಥೆ. ಕೌಂಟಿ ಅಂದರೆ ಹೆಚ್ಚುಕಮ್ಮಿ ನಮ್ಮ ಜಿಲ್ಲೆ ಅಂದುಕೊಳ್ಳಿ. ಕೋರ್ಟು, ಷೆರೀಫ್, ಜಮೀನಿನ ದಾಖಲೆ ಎಲ್ಲಾ ಅದರ ಕೈಲಿ.

ಇದು ಹುಟ್ಟಿದ್ದು 1877ರಲ್ಲಿ. ಹಿಂದಿನ ವರ್ಷವಷ್ಟೇ ಲಿಟಲ್ ಬಿಗ್‌ಹಾರ್ನ್ ಕಾಳಗದಲ್ಲಿ ಸತ್ತಿದ್ದ ಸೇನಾಧಿಕಾರಿ ಕಸ್ಟರ್‌ನ ಹೆಸರನ್ನೇ ಇಟ್ಟರು. ಪಾನೀ ಮತ್ತು ಲಕೋಟಾ ಅನ್ನುವ ಮೂಲನಿವಾಸಿ ಜನ ಕಾಡೆಮ್ಮೆ ಬೇಟೆಯಾಡುತ್ತಿದ್ದ ನೆಲ ಅದು. ಪಾನೀಗಳನ್ನು ಆಗಲೇ ಈಗಿನ ಓಕ್ಲಹೋಮಾ ಕಡೆಗೆ ಸಾಗಹಾಕಿಯಾಗಿತ್ತು. ನಕ್ಷೆಯ ಮೇಲೆ ಗೆರೆ ಎಳೆದದ್ದೇನೋ ಸುಲಭ, ಕಾನೂನು ಬರೋದಕ್ಕೆ ಮಾತ್ರ ಟೈಮ್ ಹಿಡಿಯಿತು.

ಯಾಕೆ ಅಂತೀರಾ? ಅಲ್ಲಿ ಮೊದಲು ಬಂದವರು ದನದ ಸಾಹುಕಾರರು, ಅವರಲ್ಲಿ ಟೆಕ್ಸಾಸ್‌ನ ಪ್ರಿಂಟ್ ಆಲಿವ್ ಒಬ್ಬ. ಹಿಂದೆಯೇ ಬಂದರು ರೈತರು. 1862ರ ಹೋಮ್‌ಸ್ಟೆಡ್ ಕಾಯಿದೆ ಪ್ರಕಾರ ಐದು ವರ್ಷ ಅಲ್ಲೇ ಇದ್ದು ಉತ್ತರೆ 160 ಎಕರೆ ನಿಮ್ಮದೇ. ದನ ಮೇಯುವ ಬಯಲಲ್ಲಿ ಬೆಳೆ ಬಿತ್ತಿದರೆ ಜಗಳ ಬರದೆ ಇರುತ್ತಾ? 1878ರಲ್ಲಿ ಮಿಚೆಲ್, ಕೆಚಮ್ ಅನ್ನುವ ಇಬ್ಬರು ರೈತರ ಜೊತೆ ನಡೆದ ಗುಂಡಿನ ಕಾಳಗದಲ್ಲಿ ಆಲಿವ್‌ನ ತಮ್ಮ ಸತ್ತ. ಡಿಸೆಂಬರಿನಲ್ಲಿ ಆಲಿವ್‌ನ ಕಡೆಯವರು ಆ ಇಬ್ಬರನ್ನೂ ನೇಣಿಗೆ ಹಾಕಿದರು. ಆಲಿವ್‌ಗೆ ಜೀವಾವಧಿ ಶಿಕ್ಷೆಯೇನೋ ಆಯ್ತು, ಆದರೆ ವಿಚಾರಣೆ ನಡೆದದ್ದು ಬೇರೆ ಕೌಂಟಿಯಲ್ಲಿ, ಅದು ಸರಿಯಲ್ಲ ಅಂತ ರಾಜ್ಯದ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಮತ್ತೆ ಕಸ್ಟರ್ ಕೌಂಟಿಗೆ ಕೇಸು ಬಂದಾಗ ಸಾಕ್ಷಿ ಹೇಳೋಕೆ ಯಾರೂ ಬರಲಿಲ್ಲ. ಬಿಡುಗಡೆ!

ಆದರೂ ರೈತರು ಬರ್ತಾನೇ ಇದ್ದರು. ಮನೆ ಕಟ್ಟೋಣ ಅಂದರೆ ಮರವೇ ಇಲ್ಲ. ಹುಲ್ಲಿನ ಬೇರು ಹೆಣೆದುಕೊಂಡ ನೆಲವನ್ನು ವಿಶೇಷ ನೇಗಿಲಿನಿಂದ ಉದ್ದುದ್ದ ಪಟ್ಟಿಯಾಗಿ ಎಬ್ಬಿಸಿ, ಕತ್ತರಿಸಿ, ಹುಲ್ಲು ಕೆಳಗೆ ಮಾಡಿ ಇಟ್ಟಿಗೆಯಂತೆ ಪೇರಿಸುತ್ತಿದ್ದರು. ನಮ್ಮ ಬಯಲುಸೀಮೆಯ ಮಾಳಿಗೆ ಮನೆಯ ಹಾಗೆ ಬೇಸಿಗೆಗೆ ತಂಪು, ಚಳಿಗೆ ಬೆಚ್ಚಗೆ. ಮಳೆ ಬಂದರೆ ಮಾತ್ರ ಫಜೀತಿ. ಹೊರಗೆ ಮಳೆ ನಿಂತರೂ ಒಳಗೆ ತೊಟ್ಟಿಕ್ಕುತ್ತಲೇ ಇರುತ್ತಿತ್ತು. ಮಣ್ಣು, ಹುಳ, ಒಮ್ಮೊಮ್ಮೆ ಹಾವು ಬೀಳದಿರಲಿ ಅಂತ ಸೂರಿನ ಕೆಳಗೆ ಬಟ್ಟೆ ಕಟ್ಟುತ್ತಿದ್ದರು. ಒಲೆಗೆ ಒಣಗಿದ ಸಗಣಿ.

ಇದೆಲ್ಲ ನಮಗೆ ಕಣ್ಣಿಗೆ ಕಾಣುವುದು ಸಾಲೊಮನ್ ಬುಚರ್ ದೆಸೆಯಿಂದ. ಈ ಪುಣ್ಯಾತ್ಮ 1880ರಲ್ಲಿ ಜಮೀನು ಹಿಡಿದು ಕೆಲವೇ ದಿನಕ್ಕೆ ಬಿಟ್ಟವನು, ಬೇಸಾಯ ಅವನ ಕೈಲಾಗಲಿಲ್ಲ. 1886ರಿಂದ ಗಾಡಿಯಲ್ಲಿ ಕ್ಯಾಮೆರಾ ಹೇರಿಕೊಂಡು ಮನೆಮನೆಗೆ ಹೋಗಿ ಫೋಟೋ ತೆಗೆದ. ಹಿಲ್ಟನ್ ಮನೆಯಾಕೆ ಮಣ್ಣಿನ ಮನೆ ಫೋಟೋದಲ್ಲಿ ಬರಬಾರದು, ಊರ ಕಡೆಯವರು ನೋಡಿದರೆ ಏನಂದುಕೊಂಡಾರು ಅಂತ ಹಟ ಹಿಡಿದಳಂತೆ. ಕೊನೆಗೆ ಗಂಡನೂ ಬುಚರನೂ ಸೇರಿ ಮನೆಯೊಳಗಿನ ಆರ್ಗನ್ ವಾದ್ಯವನ್ನು ಅಂಗಳಕ್ಕೆ ಹೊತ್ತು ತಂದರು. ದನದ ಕೊಟ್ಟಿಗೆ ಮುಂದೆ ವಾದ್ಯ, ಅದರ ಪಕ್ಕ ಸಂಸಾರ!

1899ರಲ್ಲಿ ಬುಚರನ ಮನೆ ಸುಟ್ಟುಹೋಯಿತು. ಗಾಜಿನ ನೆಗೆಟಿವ್‌ಗಳು ಹೇಗೋ ಉಳಿದವು. 1901ರಲ್ಲಿ ಅವನು ಬರೆದ ಕೌಂಟಿಯ ಇತಿಹಾಸದ ಪುಸ್ತಕ ಬಂತು. ಅದಕ್ಕೆ ದುಡ್ಡು ಹಾಕಿದವನು ಸ್ವೇನ್ ಫಿಂಚ್ ಅನ್ನುವ ದನದ ಸಾಹುಕಾರ. ಮಿಡತೆ ದಾಳಿಯ ವಿರುದ್ಧ ಅವನು ಹೋರಾಡಿದ್ದನ್ನು ತೋರಿಸುವ ಫೋಟೋ ಒಂದಿದೆ. ಎಷ್ಟೋ ವರ್ಷದ ಮೇಲೆ ನಟಿಸಿ ತೆಗೆಸಿದ್ದು. ಮಿಡತೆ ಎಲ್ಲಿಂದ ತರ್ತೀರಿ? ಬುಚರ್ ಸುಮ್ನೆ ನೆಗೆಟಿವ್ ಮೇಲೆ ಕೈಯಾರೆ ಗೀಚಿಬಿಟ್ಟ.